ತಲುಪಿದ ಹಬ್ಬ

ನಡೆತಿಂಗಳ ಎಂಟು ಸಾವಿರದ ಚಿಲ್ಲರೆಯ ದಿನ,
ಮುಳಿಪದವಿನ ಏರುದಾರಿಯ ಬದಿ.

ಕಡಲಿನ ಕೆಳಗಿರುವ ನಮ್ಮ ಹಿರಿಯರಿಗೆ ತಬಿತಾ ಮಾಡುವ ಸ್ತೋತ್ರ.

ಮೇಲಿನ ತಾರೀಕು ನೋಡಿ ನಿಮಗೆ ನಗು ಬಂದಿರಬಹುದು. ಅಷ್ಟುದ್ದದ ತಿಂಗಳು ಯಾವ ಪಂಚಾಂಗದಲ್ಲಿಯೂ ಇಲ್ಲವೆಂದು ನನಗೂ ಗೊತ್ತು. ನಿಮ್ಮ ಲೆಕ್ಕದಲ್ಲಿ ಇದು ಇಸವಿ ಎರಡು ಸಾವಿರದ ಇನ್ನೂರ ಹದಿನಾಲ್ಕೋ ಹದಿನೈದೋ ಇರಬೇಕು. ಒಂದು ತಿಂಗಳು ಇಷ್ಟು ಬೆಳೆದದ್ದು ಹೇಗೆ ಎನ್ನುವುದೇ ನನ್ನ ಜಗಳದ ಅರ್ಧ ಭಾಗ, ಆದ್ದರಿಂದ ಅದನ್ನು ಮುಂದೆ ಹೇಳುತ್ತೇನೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸದಾಗಿ ಕೇಳಿಸಿದರೆ ಕ್ಷಮಿಸಿ. ಸಿಟ್ಟು ಕೇಳಿಸಿದರೆ ಕ್ಷಮೆಯ ಅಗತ್ಯವಿಲ್ಲ, ಅದನ್ನು ಬೇಕೆಂದೇ ಬರೆಯುತ್ತಿದ್ದೇನೆ.

ನಮ್ಮ ಸಭೆಯಲ್ಲಿ ಎಪ್ಪತ್ತು ತುಂಬಿದವರು ನಿಮಗೊಂದು ಕಾಗದ ಬರೆಯುವ ರೂಢಿಯುಂಟು. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಬರೆದು ಜಾಡಿಯಲ್ಲಿಟ್ಟು, ಬಾಯಿಗೆ ಮೇಣ ಹಚ್ಚಿ, ನಿಮ್ಮ ಹಳೆಯ ದೇವಾಲಯ ಮುಳುಗಿರುವ ಜಾಗಕ್ಕೆ ದೋಣಿಯಲ್ಲಿ ಹೋಗಿ ಬಿಟ್ಟು ಬರುತ್ತಾರೆ. ಅದು ನಿಮಗೆ ಮುಟ್ಟುತ್ತದೋ ಇಲ್ಲವೋ ದೇವರೇ ಬಲ್ಲ. ಎಲ್ಲರೂ ಧನ್ಯವಾದ ಬರೆಯುತ್ತಾರೆ. ನಂಬಿಕೆಯನ್ನು ನಮಗೆ ದಾಟಿಸಿದಿರಿ, ನಿಮ್ಮ ಋಣ ತೀರದು, ಇತ್ಯಾದಿ. ನನಗೆ ಆ ಬೆಣ್ಣೆ ಮಾತು ಬರುವುದಿಲ್ಲ.

ಮೊದಲು ನಮ್ಮ ದೇವಾಲಯದ, ಅಂದರೆ ನೀವು ಚರ್ಚು ಎನ್ನುತ್ತಿದ್ದುದರ, ವಿಷಯ ಹೇಳಬೇಕು. ಅದಕ್ಕೆ ಚಕ್ರಗಳಿವೆ. ಕಡಲು ಒಳನುಗ್ಗಿ ಕರಾವಳಿಯ ಊರುಗಳನ್ನು ನುಂಗಿದಾಗ, ಉಳಿದ ಕೆಲವರು ನಿಮ್ಮ ಕಾಲದ ಒಂದು ಶಾಲಾ ಬಸ್ಸಿನ ತಳವನ್ನು ಎಳೆದು ತಂದು, ಅದರ ಮೇಲೆ ಮರದ ಗೋಡೆ ಕಟ್ಟಿ, ಗಂಟೆ ತೂಗುಹಾಕಿದರು. ರಬ್ಬರು ಸವೆದ ಮೇಲೆ ಮರದ ಚಕ್ರ, ಕಬ್ಬಿಣದ ಪಟ್ಟಿ. ಮೇಲೆ ಹಂಚಿನ ಬದಲು ಬೆವರುಮಾಡು. ಅಂದರೆ ಗಾಜಿನ ಚಾವಣಿ. ಅದರ ಕೆಳಗಿನ ತಟ್ಟೆಗಳಿಗೆ ಉಪ್ಪುನೀರು ತುಂಬಿದರೆ ಬಿಸಿಲಿಗೆ ಆವಿಯೆದ್ದು ಗಾಜಿನ ಒಳಮೈ ಬೆವರುತ್ತದೆ, ಬೆವರು ಹರಿದು ಕೊಡಕ್ಕೆ ಸಿಹಿನೀರಾಗಿ ಇಳಿಯುತ್ತದೆ. ಬಾವಿಗಳೆಲ್ಲ ಉಪ್ಪಾಗಿರುವ ಈ ನಾಡಿನಲ್ಲಿ ಇಂಥ ಮಾಡು ಬೇರೆ ಯಾರ ಬಳಿಯೂ ಇಲ್ಲ. ಅಷ್ಟು ದೊಡ್ಡ ಗಾಜು ಮಾಡುವ ಕುಲುಮೆ ಈಗ ಎಲ್ಲಿಯೂ ಉಳಿದಿಲ್ಲ.

ಆದ್ದರಿಂದ ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿದರು. ದೇವಾಲಯ ಒಂದು ಊರಿಗೆ ಹೋಗಬೇಕು, ಅಲ್ಲಿಯವರು ಮಳೆನೀರಿನ ಕೆರೆ ತೋಡಿ ತುಂಬಿಸುವ ತನಕ ಅವರಿಗೆ ನೀರು ಕೊಡಬೇಕು, ಮಕ್ಕಳಿಗೆ ಅಕ್ಷರ ಕಲಿಸಬೇಕು, ಸತ್ತವರನ್ನು ಮರ್ಯಾದೆಯಿಂದ ಮಣ್ಣು ಮಾಡಬೇಕು, ಕೇಳಿದವರಿಗೆ ಸ್ವಾಮಿಯ ಮಾತು ಹೇಳಬೇಕು. ಕೆರೆ ತುಂಬಿದ ಮೇಲೆ ಬರುವ ಪುನರುತ್ಥಾನದ ಹಬ್ಬದ ಮರುದಿನ ಚಕ್ರಕ್ಕೆ ಎಣ್ಣೆ ಹಾಕಿ, ಅಡೆಗಲ್ಲು ತೆಗೆದು ಹೊರಡಬೇಕು. ಆ ದಿನದಿಂದ ನಡೆತಿಂಗಳು ಶುರು. ದೇವಾಲಯ ಮುಂದಿನ ಊರಿನಲ್ಲಿ ನಿಂತ ದಿನ ಅದು ಮುಗಿಯಬೇಕು, ಅದಕ್ಕೂ ಮೊದಲು ಮುಗಿಯಕೂಡದು. ಅಡೆಗಲ್ಲು ಎಂದರೆ ಚಕ್ರ ಉರುಳದಂತೆ ಕೊಡುವ ಕಲ್ಲು. ಅದನ್ನು ಇಡುವ, ತೆಗೆಯುವ ಹಕ್ಕು ಒಂದೇ ಮನೆತನದ್ದು. ನನ್ನ ಅಜ್ಜಿ ಆ ಕೆಲಸ ಮಾಡಿದಳು, ನನ್ನ ತಾಯಿ ಮಾಡಿದಳು, ಈಗ ನಾನು.

ಇಪ್ಪತ್ತೆರಡು ವರ್ಷದ ಹಿಂದೆ ನಾವು ಹೊನ್ನೆಕಟ್ಟೆಯಲ್ಲಿದ್ದೆವು. ಕೆರೆ ತುಂಬಿತ್ತು. ಹಬ್ಬದ ಮರುದಿನ ಚಕ್ರಕ್ಕೆ ಎಣ್ಣೆ ಹಾಕಿದೆವು. ಅಷ್ಟರಲ್ಲಿ ಮೋಡ ಕಂಡಿತು, ಮಳೆ ಬೇಗ ಬರುತ್ತದೆ, ಬರುವ ವರ್ಷ ಹೋಗೋಣ ಎಂದರು. ಬರುವ ವರ್ಷ ಯಾರದೋ ಮನೆಯಲ್ಲಿ ಬಾಣಂತನ. ಅದರ ಮುಂದಿನ ವರ್ಷ ಹಲಸು ಫಸಲಿಗೆ ಬಂದಿತ್ತು, ಬಿಟ್ಟು ಹೋಗುವುದು ಹೇಗೆ. ಆಮೇಲಾಮೇಲೆ ನೆಪ ಹೇಳುವ ಕಷ್ಟವನ್ನೂ ಬಿಟ್ಟರು. ಎಣ್ಣೆ ಹಾಕುವುದನ್ನು ಮಾತ್ರ ಬಿಡಲಿಲ್ಲ. ಅದು ದೊಡ್ಡ ಹಬ್ಬವಾಯಿತು. ಬಿಳಿ ಬಟ್ಟೆ, ನಾಲ್ಕು ಸ್ವರದ ಹಾಡು, ನಾಲ್ಕು ಚಕ್ರಕ್ಕೂ ನಾಲ್ಕು ಮನೆತನದವರು ಬೆಳ್ಳಿಯ ಸೌಟಿನಲ್ಲಿ ಹೊನ್ನೆಯೆಣ್ಣೆ ಹೊಯ್ಯುವುದು. ಹೊಯ್ದು, ಪ್ರಾರ್ಥಿಸಿ, ಊಟ ಮಾಡಿ, ಮಲಗುವುದು. ಚಕ್ರ ಒಂದು ಗೇಣೂ ಅಲುಗುವುದಿಲ್ಲ. ನಡೆತಿಂಗಳನ್ನು ನಲವತ್ತನೆಯ ದಿನ ಮುಗಿಸಿಬಿಡುವುದೆಂದು ಹಿರಿಯರು ತೀರ್ಮಾನಿಸಿದರು. ನಾನು ಒಪ್ಪಲಿಲ್ಲ. ಕಟ್ಟಳೆಯ ಪ್ರಕಾರ ಅದು ಇನ್ನೂ ಮುಗಿದಿಲ್ಲ, ಅದಕ್ಕೇ ಮೇಲಿನ ತಾರೀಕು ಹಾಗಿದೆ. ಹೊನ್ನೆಕಟ್ಟೆಯಲ್ಲಿ ಹಾಗೆ ದಿನ ಎಣಿಸುತ್ತಿದ್ದವಳು ನಾನೊಬ್ಬಳೇ, ಹುಡುಗರು ಅದಕ್ಕೆ ನನ್ನನ್ನು ಗೇಲಿ ಮಾಡುತ್ತಿದ್ದರು.

ಈಗ ನಿಮ್ಮ ಪಾಲಿನ ಜಗಳ. ಈ ರೋಗ ನಮಗೆ ಎಲ್ಲಿಂದ ಬಂತೆಂದು ನಾನು ಬಹಳ ಯೋಚಿಸಿದ್ದೇನೆ. ಮುಳುಗುವ ಮೊದಲು ನಿಮ್ಮ ದೇವಾಲಯದಿಂದ ಹೊರಗೆ ತಂದದ್ದು ಎರಡೇ ವಸ್ತು, ಒಂದು ಗಂಟೆ, ಇನ್ನೊಂದು ಬೆಂಚು. ಬೆಂಚಿಗೆ ಹಿತ್ತಾಳೆಯ ಪಟ್ಟಿಯುಂಟು. ಯಾವುದೋ ಕುಟುಂಬದ ಹೆಸರಿದೆ, ಅದರ ಕೆಳಗೆ ‘ಇವರಿಗೆ ಮೀಸಲು’ ಎಂದಿದೆ. ನೀರು ಮೊಣಕಾಲಿಗೆ ಬಂದಾಗಲೂ ಯಾರೋ ಮಹಾನುಭಾವರು ಆ ಬೆಂಚನ್ನು ಹೊತ್ತು ತಂದರಲ್ಲ, ಅವರ ನಂಬಿಕೆ ಕಾಲಿನಲ್ಲಿರಲಿಲ್ಲ, ಕೂರುವ ಜಾಗದಲ್ಲಿತ್ತು. ನಮ್ಮ ಅಜ್ಜಿಯಂದಿರು ನಿಮ್ಮ ಕಥೆ ಹೇಳುತ್ತಿದ್ದರು. ಹದಿನೈದು ಹದಿನಾರಕ್ಕೆ ನಿಮ್ಮ ಮಕ್ಕಳಿಗೆ ತಲೆಯ ಮೇಲೆ ಕೈಯಿಟ್ಟು ಸಭೆಗೆ ಸೇರಿಸಿಕೊಳ್ಳುವ ದೃಢೀಕರಣವಾಗುತ್ತಿತ್ತಂತೆ, ಹೊಸ ಬಟ್ಟೆ, ಫೋಟೋ, ಬಿರಿಯಾನಿ, ಅಲ್ಲಿಗೆ ಓದು ಮುಗಿಯಿತು. ಮತ್ತೆ ಅವರು ಬರುತ್ತಿದ್ದದ್ದು ಮದುವೆಗೆ, ಕಡೆಗೆ ಪೆಟ್ಟಿಗೆಯಲ್ಲಿ. ರಕ್ಷಣೆ ಆಯಿತು, ಸೀಟು ಸಿಕ್ಕಿತು, ಇನ್ನೇನು ಎಂದು ಕೂತಿರಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನಿಮ್ಮ ಕಾಲದ್ದೇ. ಪ್ರಾರ್ಥನೆಯ ವಿಷಯದಲ್ಲಿಯೂ ಅದು ನಿಜವೆಂದು ನಿಮಗೆ ಹೊಳೆಯಲಿಲ್ಲವೇ? ಅಪ್ಪ ಮಾಡಿದ ಪ್ರಾರ್ಥನೆಯನ್ನು ಮಗ, ಮಗ ನೆನಪಿಟ್ಟದ್ದನ್ನು ಮೊಮ್ಮಗ, ಹೀಗೆ ತಿಂದು ಮುಗಿಸಿದಿರಿ. ಆ ಬೆಂಚಿನ ಮೇಲೆ ಈಗ ನಮ್ಮ ಹಿರಿಯರು ಕೂರುತ್ತಾರೆ.

ನಮ್ಮ ಸಭಾಪಾಲಕ ಎಜ್ರ ನನ್ನ ಸ್ವಂತ ತಮ್ಮ. ಅವನನ್ನು ಕೆಟ್ಟವನೆಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಯಾರ ಮನೆಯಲ್ಲಿ ಜ್ವರವೆಂದರೂ ಮೊದಲು ಹೋಗುವವನು ಅವನೇ. ಆದರೆ ಮಂಡಿನೋವು ಶುರುವಾದ ಮೇಲೆ ಅವನಿಗೆ ಮಲ್ಲಿಗೆಯ ಹುಚ್ಚು ಹಿಡಿಯಿತು. ದೇವಾಲಯದ ಮುಂದೆ, ಸರಿಯಾಗಿ ಚಕ್ರದ ಎದುರಿಗೇ ಎರಡು ಸಾಲು ಮಲ್ಲಿಗೆ ನೆಟ್ಟ. ಕೆರೆಯ ನೀರು ಗಡಸು, ಮೊಗ್ಗು ಕರಟುತ್ತದೆ ಎಂದು ಬೆವರುಮಾಡಿನ ನೀರು ಹೊಯ್ಯತೊಡಗಿದ. ಹೂವು ಪೀಠಕ್ಕೆ ತಾನೇ ಎಂದು ಯಾರೂ ತಡೆಯಲಿಲ್ಲ. ಕಳೆದ ವರ್ಷ ಅವನು ಇನ್ನೊಂದು ಮಾತು ತೆಗೆದ. ನಾವು ಬೇಕಾದಷ್ಟು ನಡೆದಿದ್ದೇವೆ, ದೇವರು ನಮಗೆ ವಿಶ್ರಾಂತಿ ಕೊಟ್ಟಿದ್ದಾನೆ, ಇನ್ನು ತಲುಪಿದೆವೆಂದು ಒಪ್ಪಿಕೊಳ್ಳುವುದೇ ಕೃತಜ್ಞತೆ ಎಂದು ಬೋಧಿಸಿದ. ಸಭೆ ಕೈಯೆತ್ತಿ ಒಪ್ಪಿತು. ಈ ಸಲದ ಎಣ್ಣೆಯ ಹಬ್ಬದಂದು ಚಕ್ರಗಳ ಸುತ್ತ ಗಾರೆ ಹಾಕಿ ಮುಚ್ಚುವುದು, ಅದಕ್ಕೆ ‘ತಲುಪಿದ ಹಬ್ಬ’ ಎಂದು ಹೆಸರಿಡುವುದು, ಅಡೆಗಲ್ಲನ್ನೂ ಗಾರೆಯೊಳಗೆ ಕೂರಿಸುವುದು ಎಂದು ನಿಶ್ಚಯವಾಯಿತು. ಕಲ್ಲನ್ನು ಕೊನೆಯ ಸಲ ಇಡುವ ಗೌರವ ನನ್ನದಂತೆ.

ಹಬ್ಬಕ್ಕೆ ಒಂದು ವಾರವಿರುವಾಗ ಮುಳಿಪದವಿನಿಂದ ಕಮಲಾಕ್ಷಿ ಎಂಬ ಹೆಂಗಸು ಬಂದಳು. ನಮ್ಮ ಸಭೆಯವಳಲ್ಲ, ನಮ್ಮನ್ನು ಕಂಡವಳೂ ಅಲ್ಲ. ಅವಳ ಅಜ್ಜಿಗೆ ಯಾರೋ ಹೇಳಿದ್ದರಂತೆ, ನೀರು ಕೊಡುವ ಒಂದು ಚಕ್ರದ ಚರ್ಚು ಉಂಟು, ಅದು ಕೇಳಿದವರ ಊರಿಗೆ ಬರುತ್ತದೆ ಎಂದು. ಅವರ ಕೊನೆಯ ಸಿಹಿಬಾವಿಗೂ ಈ ಬೇಸಿಗೆಯಲ್ಲಿ ಉಪ್ಪು ಇಳಿದಿದೆ. ಮಕ್ಕಳಿಗೆ ಭೇದಿ. ಅವಳ ಮಗಳು ಹಸಿ ಬಾಣಂತಿ, ಉಪ್ಪುನೀರು ಕುಡಿದು ಹಾಲು ಬತ್ತುತ್ತಿದೆ, ಕೂಸು ಅತ್ತೂ ಅತ್ತೂ ದನಿ ಸಣ್ಣದಾಗಿದೆ. ಇದನ್ನೆಲ್ಲ ಅವಳು ಗೋಗರೆಯದೆ, ನಿಂತು ಹೇಳಿದಳು. ಅವಳು ನಿಂತ ಜಾಗದ ಪಕ್ಕದಲ್ಲೇ ಎಜ್ರನ ಮಲ್ಲಿಗೆಗೆ ನೀರು ಹೊಯ್ದ ಒದ್ದೆ ಇತ್ತು. ಅವಳು ಅದನ್ನು ನೋಡಿದಳು. ನಾನು ಅವಳು ನೋಡಿದ್ದನ್ನು ನೋಡಿದೆ.

ಹಿರಿಯರು ಬೆಂಚಿನ ಮೇಲೆ ಕೂತು ಆಲೋಚಿಸಿದರು. ಅವಳಿಗೆ ಎರಡು ಕ್ಯಾನು ನೀರು, ಒಂದು ಕಂಬಳಿ, ಒಂದು ಪ್ರಾರ್ಥನೆ ಕೊಡುವುದೆಂದು ಠರಾವಾಯಿತು. ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ಆಮೇಲೆ ಗಾಯನ ಮಂಡಳಿ ಎದ್ದು ಹಾಡಿತು. ನಾವು ಯಾತ್ರಿಕರು, ಈ ಲೋಕ ನಮ್ಮ ಮನೆಯಲ್ಲ ಎಂಬ ಅರ್ಥದ ಹಾಡು. ನಾಲ್ಕು ಸ್ವರವೂ ಒಂದಕ್ಕೊಂದು ತಾಗದ ಹಾಗೆ ಎಷ್ಟು ಚೆನ್ನಾಗಿ ಹಾಡಿದರೆಂದರೆ ನನಗೆ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಕಮಲಾಕ್ಷಿ ಹಾಡು ಮುಗಿಯುವ ತನಕ ಮರ್ಯಾದೆಯಿಂದ ಕಾದಳು. ಕ್ಯಾನು ಎತ್ತಿಕೊಂಡಳು. ಹೊರಡುವಾಗ ಚಕ್ರದ ಮೇಲೆ ಕೈಯಿಟ್ಟು, ಎಣ್ಣೆ ತಾಗಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಂದೇ ಮಾತು ಕೇಳಿದಳು. “ಹಾಗಾದ್ರೆ ನಿಮ್ಮ ಚರ್ಚಿಗೆ ಚಕ್ರ ಎಂತಕ್ಕೆ ಇಟ್ಟದ್ದು?”

ಎರಡು ಕ್ಯಾನು ಹೊತ್ತು ಅವಳು ಬಂದ ದಾರಿಯಲ್ಲೇ ಹಿಂದಿರುಗಿದಳು.

ಆ ಸಂಜೆ ನಾನು ಎಜ್ರನ ಮನೆಗೆ ಹೋಗಿ ಬೈದೆ. ಬೆಟ್ಟದ ಮೇಲೆ ಸ್ವಾಮಿಯ ಮಹಿಮೆ ಕಂಡ ಶಿಷ್ಯ, ಇಲ್ಲೇ ಗುಡಾರ ಕಟ್ಟೋಣ ಎಂದಾಗ ಸ್ವಾಮಿ ಗಾರೆ ಕಲಸಲಿಲ್ಲ, ಕೆಳಗೆ ಇಳಿದು ರೋಗಿಗಳ ಮಧ್ಯಕ್ಕೆ ಹೋದ ಎಂದು ನೆನಪಿಸಿದೆ. ಅವನು ಮಂಡಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದ. ನಡೆಯುವುದು ಮನಸ್ಸಿನೊಳಗೆ, ಚಕ್ರ ಬರೀ ಗುರುತು, ನಮ್ಮ ಯಾತ್ರೆ ಆತ್ಮಿಕವಾದದ್ದು ಎಂದು ನಿಧಾನವಾಗಿ ವಿವರಿಸಿದ. ಮನಸ್ಸಿನೊಳಗೆ ನಡೆದರೆ ಆ ಕೂಸಿಗೆ ನೀರು ಮುಟ್ಟುತ್ತದೆಯೇ ಎಂದು ಕೇಳಿದೆ. ಅವನು ಮುಖ ತಿರುಗಿಸಿದ. “ಅಕ್ಕ, ನಂಗೂ ಅರವತ್ತೈದಾಯ್ತು. ಒಮ್ಮೆ ಕೂತ್ಕೊಳ್ಲಿಕ್ಕೆ ಬಿಡು,” ಎಂದ. ಎಣ್ಣೆಯ ಬಟ್ಟಲನ್ನು ಅವನ ಹತ್ತಿರಕ್ಕೆ ಸರಿಸಿಕೊಟ್ಟೆ. ಆದರೂ ಸಿಟ್ಟು ಇಳಿಯಲಿಲ್ಲ. ಕೂರುವುದು ಬೇಡವೆಂದು ಯಾರು ಹೇಳಿದರು? ಕೂತದ್ದನ್ನೇ ತಲುಪಿದ್ದೆಂದು ಹಬ್ಬ ಮಾಡಬೇಡ ಎಂದೆ, ಎದ್ದು ಬಂದೆ.

ಹಬ್ಬದ ಬೆಳಿಗ್ಗೆ ಗಾರೆ ಕಲಸಿಟ್ಟಿದ್ದರು. ಬಿಳಿ ಬಟ್ಟೆಯವರೆಲ್ಲ ಎರಡು ಬದಿಗೆ ಸಾಲಾಗಿ ನಿಂತರು. ಸೌಟಿನಿಂದ ಎಣ್ಣೆ ಹೊಯ್ದರು. ದೇವಾಲಯ ನಿಂತಿದ್ದದ್ದು ರಸ್ತೆಯ ಕಡೆಗೆ ಸ್ವಲ್ಪ ಇಳಿಜಾರಿನಲ್ಲಿ. ಇಪ್ಪತ್ತೆರಡು ವರ್ಷ ಅದನ್ನು ಹಿಡಿದಿದ್ದದ್ದು ಮುಂದಿನ ಚಕ್ರದ ಎದುರಿನ ಆ ಒಂದೇ ಕಲ್ಲು. ನನ್ನ ಹೆಸರು ಕರೆದಾಗ ನಾನು ಹೋಗಿ ಬಗ್ಗಿದೆ. ಮುಂದೆ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡೆ, ಸಿಟ್ಟಿನವಳಾದರೂ ಕೊಲೆಗಾತಿಯಲ್ಲ. ಬದಿಯಲ್ಲಿ ನಿಂತು ಹಾರೆಗೋಲು ಕೊಟ್ಟು ಕಲ್ಲನ್ನು ಮೀಟಿದೆ. ಚಕ್ರ ತುಕ್ಕು ಹಿಡಿದಿರುತ್ತದೆ, ಸದ್ದು ಮಾಡಿ ನಿಲ್ಲುತ್ತದೆ, ಅಷ್ಟಾದರೂ ನಾಚಿಕೆಯಾಗಲಿ ಎಂಬುದೇ ನನ್ನ ಲೆಕ್ಕವಾಗಿತ್ತು. ಆದರೆ ಆ ಹುಚ್ಚು ಹಬ್ಬದ ಪುಣ್ಯದಿಂದ ಅದಕ್ಕೆ ವರ್ಷ ವರ್ಷವೂ ಎಣ್ಣೆ ಬಿದ್ದಿತ್ತಲ್ಲ. ದೇವಾಲಯ ಸದ್ದೇ ಇಲ್ಲದೆ ಹೊರಟಿತು. ಎರಡು ಸಾಲು ಮಲ್ಲಿಗೆಯ ಮೇಲೆ ಹಾದು, ಗಂಟೆ ತಾನಾಗಿ ಬಡಿದುಕೊಳ್ಳುತ್ತ, ಸಮತಟ್ಟಾದ ರಸ್ತೆಗೆ ಇಳಿದು ನಿಂತಿತು. ಗಾಜು ಒಡೆಯಲಿಲ್ಲ, ದೇವರು ದೊಡ್ಡವನು.

ಮುದುಕಿಗೆ ತಲೆ ಕೆಟ್ಟಿದೆ ಎಂದರು. ಎಜ್ರ ಮುರಿದ ಗಿಡಗಳ ಮಧ್ಯೆ ನಿಂತಿದ್ದ. ಮತ್ತೆ ಮೇಲಕ್ಕೆ ಎಳೆದು ಮೊದಲಿನ ಜಾಗಕ್ಕೆ ತರಬೇಕೆಂದು ಹಿರಿಯರು ಹಗ್ಗ ತರಿಸಿದರು. ಕೋಣ ಸಾಕುವವರ ಮನೆಯ ಸೊಸೆ ಎರಡು ಜೋಡಿ ಕೋಣಗಳನ್ನು ಹೊಡೆದುಕೊಂಡು ಬಂದಳು, ಹಗ್ಗ ಕಟ್ಟುತ್ತ ಎಲ್ಲರಿಗೂ ಕೇಳುವ ಹಾಗೆ, ಹಿಂದಕ್ಕೆ ಎಳೆಯುವುದಕ್ಕೂ ಇಷ್ಟೇ ಕಷ್ಟ, ಮುಂದಕ್ಕೆ ಎಳೆಯುವುದಕ್ಕೂ ಇಷ್ಟೇ ಕಷ್ಟ, ಮತ್ತೆ ಹಿಂದಕ್ಕೆ ಯಾಕೆ ಎಂದಳು. ನನ್ನ ಎಲ್ಲಾ ಬೈಗುಳಕ್ಕಿಂತ ಆ ಲೆಕ್ಕ ಜನಕ್ಕೆ ಬೇಗ ತಿಳಿಯಿತು. ಎಲ್ಲರೂ ಬಂದರೆಂದು ಸುಳ್ಳು ಬರೆಯಲಾರೆ. ಹೆಚ್ಚಿನವರು ಊಟ ಆರುತ್ತದೆಂದು ಒಳಗೆ ಹೋದರು. ಹತ್ತು ಹನ್ನೆರಡು ಮಂದಿ ಹಗ್ಗ ಹಿಡಿದೆವು. ಹಿತ್ತಾಳೆಪಟ್ಟಿಯ ಬೆಂಚನ್ನು ನಾನೇ ಇಳಿಸಿ ಹೊನ್ನೆಕಟ್ಟೆಯಲ್ಲಿ ಬಿಟ್ಟೆ, ಭಾರ ಸುಮ್ಮನೆ ಯಾಕೆ.

ಮುಳಿಪದವು ಎತ್ತರದ ಬಯಲು, ಅದಕ್ಕೆ ಹೋಗಲು ಮೂರು ಏರು ಹತ್ತಬೇಕು. ಮೊದಲನೆಯ ಏರಿನಲ್ಲಿಯೇ ಕೋಣಗಳಿಗೆ ಉಸಿರು ಕಟ್ಟಿತು. ಅವು ನಿಂತದ್ದೇ ತಡ ದೇವಾಲಯ ಹಿಂದಕ್ಕೆ ಜಾರತೊಡಗಿತು, ಹಗ್ಗ ಕೈಗಳನ್ನು ಸುಲಿಯಿತು. ಎಲ್ಲರೂ ಕಿರುಚಿದರು. ನಾನು ಹಿಂದೆ ನಡೆದ ದಾರಿಗಳೆಲ್ಲ ಸಮತಟ್ಟು, ಏರಿನಲ್ಲಿ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಹೊನ್ನೆಕಟ್ಟೆಯಿಂದ ತಂದ ಅಡೆಗಲ್ಲು ಕೈಯಲ್ಲಿತ್ತು, ಅದನ್ನು ಹಿಂದಿನ ಚಕ್ರದ ಬುಡಕ್ಕೆ ದೂಡಿದೆ. ನಿಂತಿತು. ಕೋಣಗಳು ಉಸಿರು ತೆಗೆದುಕೊಂಡವು, ನಾವೂ ತೆಗೆದುಕೊಂಡೆವು, ಮತ್ತೆ ಎಳೆದೆವು, ನಾನು ಕಲ್ಲೆತ್ತಿಕೊಂಡು ಹಿಂದೆಯೇ ನಡೆದೆ. ಆಗ ನನಗೆ ನಮ್ಮ ಮನೆತನದ ಕೆಲಸ ಏನೆಂದು ತಿಳಿಯಿತು. ಅಜ್ಜಿಯ ಅಂಗೈ ಯಾಕೆ ಅಷ್ಟು ಒರಟಾಗಿತ್ತೆಂದು ತಿಳಿಯಿತು. ಅವಳು ಕಲ್ಲನ್ನು ಇಟ್ಟು ಕೂತವಳಲ್ಲ, ಏರಿನುದ್ದಕ್ಕೂ ಚಕ್ರದ ಹಿಂದೆ ಕಲ್ಲು ಹೊತ್ತು ನಡೆದವಳು. ದಣಿದಾಗ ನಿಲ್ಲಬಹುದು, ಹತ್ತಿದ್ದು ಮಾತ್ರ ಜಾರಿ ಹೋಗಬಾರದು, ಅಷ್ಟಕ್ಕೇ ಆ ಕಲ್ಲು. ನಾವು ಅದನ್ನು ಚಕ್ರದ ಮುಂದೆ ಇಟ್ಟು ಇಪ್ಪತ್ತೆರಡು ವರ್ಷ ಪೂಜ್ಯ ವಸ್ತು ಮಾಡಿದ್ದೆವು.

ಮರುದಿನ ಮಧ್ಯಾಹ್ನ ಎರಡನೆಯ ಏರಿನ ಬುಡದಲ್ಲಿ ಕೋಣಗಳಿಗೆ ಹುಲ್ಲು ಹಾಕುತ್ತಿರುವಾಗ ಹಿಂದಿನ ತಿರುವಿನಲ್ಲಿ ಒಬ್ಬ ಕುಂಟುತ್ತ ಬರುವುದು ಕಂಡಿತು. ಎಜ್ರ. ಹೆಗಲ ಮೇಲೆ ಅಡ್ಡೆ ಹಾಕಿ ಎರಡು ಕೊಡ ಕೆರೆಯ ನೀರು ಹೊತ್ತಿದ್ದ, ಕೋಣಗಳಿಗೆ ಕುಡಿಸಲು. ಕೊಡ ಇಳಿಸಿ, ಮಂಡಿ ಒತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದ. “ಮಂಡಿನೋವು ಅಲ್ಲಿ ಕೂತ್ರೂ ಉಂಟು, ಇಲ್ಲಿ ನಡೆದ್ರೂ ಉಂಟು.” ಆಮೇಲೆ ಹಗ್ಗದ ತುದಿ ಹುಡುಕಿ ಹಿಡಿದ. ನನಗೆ ಅಳು ಬಂತು, ಕೂಡಲೇ ಇನ್ನಷ್ಟು ಸಿಟ್ಟೂ ಬಂತು. ಈ ಮಾತು ಒಂದು ವಾರ ಮೊದಲು ಹೊಳೆದಿದ್ದರೆ ಕಮಲಾಕ್ಷಿ ಆ ಕ್ಯಾನುಗಳನ್ನು ಒಬ್ಬಳೇ ಹೊತ್ತು ಈ ಏರು ಹತ್ತಬೇಕಿತ್ತೇ?

ಈಗ ನಾವು ಮೂರನೆಯ ಏರಿನ ಅರ್ಧದಲ್ಲಿ ಇದ್ದೇವೆ. ಮೇಲೆ ಪದವಿನ ಅಂಚಿನಲ್ಲಿ ಯಾರೋ ನಿಂತು ಬಟ್ಟೆ ಬೀಸುತ್ತಿದ್ದಾರೆ. ಕೂಸು ಬದುಕಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಅದಕ್ಕೇನಾದರೂ ಆಗಿದ್ದರೆ ನಮ್ಮ ಆ ಇಪ್ಪತ್ತೆರಡು ಎಣ್ಣೆಯ ಹಬ್ಬಗಳಿಗೂ, ನಿಮ್ಮ ಆ ಮೀಸಲು ಬೆಂಚಿಗೂ ಕರ್ತನ ಮುಂದೆ ಲೆಕ್ಕ ಕೊಡಬೇಕಾದೀತು, ಒಟ್ಟಿಗೆ ನಿಂತು ಕೊಡೋಣ. ಬೆವರುಮಾಡಿನಿಂದ ಕೊಡಕ್ಕೆ ಇಳಿದ ಸಿಹಿನೀರನ್ನು ನಾವು ನಿನ್ನೆಯಿಂದ ಮುಟ್ಟಿಲ್ಲ. ಕುಲುಕಾಟಕ್ಕೆ ಕೊಡದ ಬಾಯಿಯಲ್ಲಿ ಅದು ಗುಳುಗುಳು ಎನ್ನುತ್ತಿದೆ.

ಈ ಜಾಡಿಯನ್ನು ಕಡಲಿಗೆ ಒಯ್ಯಲು ಇಲ್ಲಿ ಯಾರಿಗೂ ಬಿಡುವಿಲ್ಲ, ದಾರಿಯ ಬದಿಯಲ್ಲೇ ಹೂಳುತ್ತೇನೆ. ನಿಮ್ಮ ಕೈಗೆ ಹೇಗಾದರೂ ಸಿಕ್ಕಿದರೆ ನನ್ನದೊಂದೇ ಕೇಳಿಕೆ. ಚಿಕ್ಕಂದಿನಲ್ಲಿ ನಿಮ್ಮ ತಲೆಯ ಮೇಲೆ ಯಾರೋ ಕೈಯಿಟ್ಟು ಆಶೀರ್ವದಿಸಿದರಲ್ಲ, ಆ ದಿನದಿಂದ ಇಂದಿನ ತನಕ ನೀವು ಎಷ್ಟು ದೂರ ಬಂದಿದ್ದೀರಿ ಎಂದು ಒಮ್ಮೆ ಎದ್ದು ನಿಂತು ನೋಡಿಕೊಳ್ಳಿ. ಕೂತಲ್ಲೇ ನೋಡಬೇಡಿ. ನಿಮ್ಮ ಅಡೆಗಲ್ಲು ಚಕ್ರದ ಮುಂದಿದೆಯೋ ಹಿಂದಿದೆಯೋ ಬಗ್ಗಿ ನೋಡಿ. ದಣಿವಾಗಿದ್ದರೆ ನಿಲ್ಲಿ, ನಮ್ಮ ಕೋಣಗಳೂ ನಿಲ್ಲುತ್ತವೆ. ಆಮೇಲೆ ದಯವಿಟ್ಟು ಹೊರಡಿ, ನಿಮಗಾಗಿ ಅಲ್ಲದಿದ್ದರೆ, ಮೇಲೆ ನಿಂತು ಬಟ್ಟೆ ಬೀಸುತ್ತಿರುವವರಿಗಾಗಿ.

ಇನ್ನೂ ಬೈಯುವುದಿತ್ತು. ಹಗ್ಗ ಬಿಗಿಯಾಗಿದೆ, ಎಜ್ರ ಮುಂದಿನಿಂದ “ಅಕ್ಕಾ, ಕಲ್ಲು!” ಎಂದು ಕೂಗುತ್ತಿದ್ದಾನೆ. ನಾನು ತೆಗೆಯಬೇಕು.